ಜಾಜ್ ಕಪಾಟಿನಲ್ಲಿ ಬೆಂಗಳೂರಿನ ಮೃದಂಗ

ಈ ಸಲದ ಪುಟ ಒಂದು ತಪ್ಪೊಪ್ಪಿಗೆಯಿಂದ ಶುರುವಾಗುತ್ತಿದೆ.

ನಮ್ಮ ಕನ್ನಡ ಸ್ಲಾಟ್‌ನಲ್ಲಿ ಈಚೆಗೆ ಒಂದು ಭಾನುವಾರ ಮರುಬಿಡುಗಡೆಯಾದ ಹಳೆಯ ಆಲ್ಬಂಗಳನ್ನು ಹಾಕಿದ್ದು ನಿಮಗೆ ನೆನಪಿರಬಹುದು. ಮುಂಬೈನ ಚರಣ್‌ಜಿತ್ ಸಿಂಗ್, ಕಲ್ಕತ್ತಾದ ರೂಪಾ, ಹೀಗೆ. ಕೊನೆಯ ಹತ್ತು ನಿಮಿಷ ಫೋನ್ ಲೈನ್ ತೆರೆದಾಗ ವಿಜಯವಾಡದ ಪಕ್ಕದ ಇಬ್ರಾಹಿಂಪಟ್ನಂನಿಂದ ಒಬ್ಬರು ಮಾತಿಗೆ ಸಿಕ್ಕರು. ಆ್ಯಪ್‌ನಲ್ಲಿ ನಮ್ಮನ್ನು ಕೇಳುತ್ತಾರಂತೆ. ಮಾತಿನ ಧಾಟಿ ನಮ್ಮ ರಾಯಚೂರು ಕಡೆಯದು. "ಸರ್, ಇವೆಲ್ಲ ಮುಂಬೈದವು, ಕಲ್ಕತ್ತಾದವು. ಈ ಜಾಜು, ಫಂಕು ಅಂತೀರಲ್ಲ, ಇದರಾಗ ನಮ್ಮವ್ರು ಯಾರೂ ಇಲ್ಲೇನ್ರಿ?" ಎಂದರು. ಜಾಹೀರಾತಿಗೆ ಮುಂಚೆ ಇಪ್ಪತ್ತು ಸೆಕೆಂಡ್ ಉಳಿದಿತ್ತು. "ಸಿನಿಮಾ ಬಿಟ್ಟರೆ ಹೆಚ್ಚೇನೂ ಇಲ್ಲ ಸಾರ್" ಅಂದುಬಿಟ್ಟೆ.

ಮನೆಗೆ ಹೋಗುವ ದಾರಿಯಲ್ಲೇ ನಾಲಿಗೆ ಕಚ್ಚಿಕೊಂಡೆ. ಆಲಮಟ್ಟಿ, ನಾರಾಯಣಪುರ ದಾಟಿ ಹೋದ ಕೃಷ್ಣೆ ಹರಿಯುವ ಊರು ಅದು. ಒಂದು ಕಡೆ ಥರ್ಮಲ್ ಸ್ಟೇಷನ್ನಿನ ಚಿಮಣಿಗಳು, ಇನ್ನೊಂದು ಕಡೆ ಹೈದರಾಬಾದ್ ಹೆದ್ದಾರಿಯ ಲಾರಿ ಸಾಲು. ಅಲ್ಲಿ ಕೂತು ಕನ್ನಡ ಕೇಳಬೇಕೆಂದರೆ ಫೋನೇ ಗತಿ. ಅಂಥವರು ಕೇಳಿದ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಪೂರ್ತಿ ತಪ್ಪಾಗಿತ್ತು. ಆ ತಪ್ಪಿಗೆ ಕಾರಣ ನನ್ನ ಅವಸರ ಒಂದೇ ಅಲ್ಲ. ಹಳೆಯ ರೆಕಾರ್ಡುಗಳು ಮತ್ತೆ ಸುದ್ದಿಯಾಗುವ ರೀತಿಯಲ್ಲೇ ಅದಕ್ಕೆ ಒಂದು ಕಾರಣ ಇದೆ.

ಚರಣ್‌ಜಿತ್ ಸಿಂಗ್ ಕತೆಯನ್ನೇ ನೋಡಿ. ಹಿಂದಿ ಸಿನಿಮಾ ವಾದ್ಯವೃಂದದಲ್ಲಿ ದುಡಿದ ಕಲಾವಿದ. 1982ರಲ್ಲಿ ರೋಲ್ಯಾಂಡ್ ಕಂಪನಿಯ ಮೂರು ಯಂತ್ರಗಳನ್ನು ಮುಂದಿಟ್ಟುಕೊಂಡು (ಜುಪಿಟರ್-8 ಸಿಂಥಸೈಜರ್, ಟಿಆರ್-808 ಡ್ರಮ್ ಮೆಷಿನ್, ಟಿಬಿ-303 ಬಾಸ್ ಮೆಷಿನ್) ಭೈರವ್, ಲಲಿತ್, ಮಾಲಕಂಸ್ ಮುಂತಾದ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂರಿಸಿದರು. ಆಗ ಯಾರೂ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಅದೇ ಟಿಬಿ-303ರ ಕೀರಲು ಬಾಸ್‌ನಿಂದ ಷಿಕಾಗೋದಲ್ಲಿ 'ಆಸಿಡ್ ಹೌಸ್' ಹುಟ್ಟಿತು ಎಂದು ಹೇಳುವ ರೆಕಾರ್ಡು ಬಂದದ್ದು 1987ರಲ್ಲಿ. ಅಂದರೆ ಐದು ವರ್ಷ ತಡವಾಗಿ! ನೆದರ್‌ಲ್ಯಾಂಡ್ಸ್‌ನ ಎಡೋ ಬೌಮನ್ ಎಂಬ ಸಂಗ್ರಾಹಕ ಇದನ್ನು ಭಾರತದ ಹಳೇ ರೆಕಾರ್ಡುಗಳ ನಡುವೆ ಕಂಡು, 2010ರಲ್ಲಿ ತನ್ನ ಬಾಂಬೆ ಕನೆಕ್ಷನ್ ಲೇಬಲ್ಲಿನಲ್ಲಿ ಮತ್ತೆ ತಂದ. ಎಪ್ಪತ್ತು ದಾಟಿದ ಸಿಂಗ್ ಯೂರೋಪಿನ ವೇದಿಕೆಗಳಲ್ಲಿ ನುಡಿಸಿದರು. 2015ರಲ್ಲಿ ತೀರಿಕೊಂಡರು.

ರೂಪಾ ಬಿಸ್ವಾಸ್ ಅವರ 'ಡಿಸ್ಕೋ ಜಾಜ್' ಕೂಡ 1982ರದ್ದೇ. ಕೆನಡಾದ ಕ್ಯಾಲ್ಗರಿಯಲ್ಲಿ, ಸರೋದ್ ವಾದಕ ಆಶಿಷ್ ಖಾನ್ ಜೊತೆಯಲ್ಲಿ ಧ್ವನಿಮುದ್ರಣ. ಬಿಡುಗಡೆಯಾಗಿ ಮರೆತೂ ಹೋಯಿತು. 2019ರಲ್ಲಿ ಅಮೆರಿಕದ ನ್ಯೂಮೆರೊ ಗ್ರೂಪ್ ಮರುಬಿಡುಗಡೆ ಮಾಡಿತು. ಫಂಕ್ ಇಷ್ಟಪಡುವವರು ಇದನ್ನು ಬಿಡಬೇಡಿ. ಬಾಸ್ ಗಿಟಾರು ಮುಂದೆ ನಡೆದರೆ ಸರೋದ್ ಅದರ ಕಾಲಿಗೆ ತೊಡರುತ್ತಾ ಬರುತ್ತದೆ.

ಈಗ ನನ್ನ ತಪ್ಪಿಗೆ ಬರೋಣ. ಮರುಬಿಡುಗಡೆಯ ಲೋಕಕ್ಕೆ ಒಂದು ಕತೆ ಬೇಕು: ಕಳೆದುಹೋಗಿತ್ತು, ಧೂಳಿನಲ್ಲಿ ಸಿಕ್ಕಿತು. ಕಳೆದೇ ಹೋಗದ ರೆಕಾರ್ಡಿಗೆ ಆ ಕತೆ ಹೊಂದುವುದಿಲ್ಲ. ಬೆಂಗಳೂರಿನ ಅತಿ ದೊಡ್ಡ ಜಾಜ್ ರೆಕಾರ್ಡು 1983ರಿಂದಲೂ ಜರ್ಮನಿಯ ಲೇಬಲ್ಲಿನ ಪಟ್ಟಿಯಲ್ಲಿ ಭದ್ರವಾಗಿ ಕೂತಿದೆ. ಅಂಗಡಿಯ ಜಾಜ್ ಕಪಾಟಿನಲ್ಲಿ 'ಮರಿಯಾನೋ' ಎಂಬ ಹೆಸರಿನ ಕೆಳಗೆ. ಅಮೆರಿಕದ ಸ್ಯಾಕ್ಸೊಫೋನ್ ವಾದಕನ ಹೆಸರು ನೋಡಿ ನಾವು ಮುಂದೆ ಹೋಗುತ್ತೇವೆ.

ಆಲ್ಬಂ ಹೆಸರು 'ಜ್ಯೋತಿ'. ಹೊದಿಕೆಯ ಮೇಲೆ ಚಾರ್ಲಿ ಮರಿಯಾನೋ ಜೊತೆಗೇ ಇನ್ನೊಂದು ಹೆಸರಿದೆ: ಕರ್ನಾಟಕ ಕಾಲೇಜ್ ಆಫ್ ಪರ್ಕಷನ್. ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿ 1964ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ತಾಳವಾದ್ಯ ಶಾಲೆ ಅದು. (ಅಂದ ಹಾಗೆ, ಆಗ ನಮ್ಮ ರಾಜ್ಯದ ಹೆಸರು ಇನ್ನೂ ಮೈಸೂರು. ಕರ್ನಾಟಕ ಆದದ್ದು 1973ರ ನವೆಂಬರ್ 1ರಂದು. ಕಾಲೇಜಿನ ಹೆಸರಿನಲ್ಲಿರುವುದು ನಾಡೋ, ಕರ್ನಾಟಕ ಸಂಗೀತವೋ? ಎರಡೂ ಎಂದುಕೊಳ್ಳುವುದು ನನಗೆ ಇಷ್ಟ.)

ಜರ್ಮನ್ನರು ಇಲ್ಲಿಗೆ ಬಂದದ್ದು ಬಸ್ಸಿನಲ್ಲಿ. ತಮಾಷೆಯಲ್ಲ. ಮ್ಯೂನಿಕ್‌ನ ಎಂಬ್ರಿಯೋ ಎಂಬ ತಂಡ 1978-79ರಲ್ಲಿ ವಾದ್ಯ, ಹೆಂಡಿರು ಮಕ್ಕಳ ಸಮೇತ ಯೂರೋಪಿನಿಂದ ಭಾರತದವರೆಗೆ ರಸ್ತೆಯಲ್ಲೇ ಬಂದಿತು. ದಾರಿಯುದ್ದಕ್ಕೂ ಸ್ಥಳೀಯ ಕಲಾವಿದರ ಜೊತೆ ನುಡಿಸುತ್ತಾ ಬಂದವರಿಗೆ ಭಾರತದಲ್ಲಿ ಸಿಕ್ಕವರು ಮಣಿ ಮತ್ತು ಅವರ ಕಾಲೇಜಿನವರು. ಆ ಪ್ರಯಾಣದ ಫಲ 'ಎಂಬ್ರಿಯೋಸ್ ರೈಸೆ' ಎಂಬ ಜೋಡಿ ಎಲ್.ಪಿ. ಆ ತಂಡದಿಂದ ಹೊರಬಂದವರು ಕಟ್ಟಿದ ಡಿಸ್ಸಿಡೆಂಟೆನ್ ಮುಂದೆ ಇದೇ ಕಾಲೇಜಿನೊಡನೆ 'ಜರ್ಮನಿಸ್ತಾನ್' ತಂದಿತು, 1993ರಲ್ಲಿ 'ದಿ ಜಂಗಲ್ ಬುಕ್' ಕೂಡ. ಡ್ಯಾನ್ಸ್ ಫ್ಲೋರ್ ಬೇಕೆನ್ನುವವರು ಈ ಎರಡನೆಯದರಿಂದ ಶುರುಮಾಡಿ. ಎಲೆಕ್ಟ್ರಾನಿಕ್ ತಾಳದ ಮೇಲೆ ನಮ್ಮ ಸೊಲ್ಲುಗಳು ಓಡುತ್ತವೆ. ನನ್ನ ಮಟ್ಟಿಗೆ ಅಲ್ಲಲ್ಲಿ ಅದು ಸ್ವಲ್ಪ ಪ್ರವಾಸಿಯ ಫೋಟೋ ಆಲ್ಬಂ ಥರ ಆಗುತ್ತದೆ, ಆದರೆ ತಾಳ ಕೈಕೊಡುವುದಿಲ್ಲ.

'ಜ್ಯೋತಿ' ಹಾಗಲ್ಲ. 1983ರ ಫೆಬ್ರವರಿಯಲ್ಲಿ ಜರ್ಮನಿಯ ಲುಡ್ವಿಗ್ಸ್‌ಬರ್ಗ್‌ನಲ್ಲಿ ಧ್ವನಿಮುದ್ರಣ, ಮ್ಯೂನಿಕ್‌ನ ಇಸಿಎಂ ಲೇಬಲ್ಲಿಗೆ. ಐದೇ ಜನ. ಆರ್.ಎ. ರಮಾಮಣಿ ಗಾಯನ ಮತ್ತು ತಂಬೂರಿ, ಟಿ.ಎ.ಎಸ್. ಮಣಿ ಮೃದಂಗ, ಆರ್.ಎ. ರಾಜಗೋಪಾಲ್ ಘಟ, ಮೋರ್ಸಿಂಗ್ ಮತ್ತು ಕೊನ್ನಕೋಲು, ಟಿ.ಎನ್. ಶಶಿಕುಮಾರ್ ಖಂಜಿರ ಮತ್ತು ಕೊನ್ನಕೋಲು. ಮರಿಯಾನೋ ಸ್ಯಾಕ್ಸೊಫೋನು, ಕೊಳಲು. ಪಿಯಾನೋ ಇಲ್ಲ, ಗಿಟಾರ್ ಇಲ್ಲ, ಡ್ರಮ್ ಸೆಟ್ ಇಲ್ಲ. ಆಲ್ಬಂ ಶುರುವಾಗುವುದು ರಮಾಮಣಿ ಅವರ ಒಂಟಿ ದನಿಯಿಂದ. ಮೊದಲ ಟ್ರ್ಯಾಕಿನ ಹೆಸರೇ 'ವಾಯ್ಸ್ ಸೋಲೋ'. ಹೆಸರಾಂತ ಜಾಜ್ ವಾದಕನ ರೆಕಾರ್ಡಿನಲ್ಲಿ ಮೊದಲು ಮಾತಾಡುವುದು ಬೆಂಗಳೂರಿನ ಹೆಂಗಸು. ಆತ ಕಾಯುತ್ತಾನೆ.

ಆ ಕಾಯುವಿಕೆ ಆತನಿಗೆ ಸುಮ್ಮನೆ ಬಂದದ್ದಲ್ಲ. ಬಾಸ್ಟನ್‌ನಲ್ಲಿ 1923ರಲ್ಲಿ ಹುಟ್ಟಿದ ಮರಿಯಾನೋ, ಸ್ಟ್ಯಾನ್ ಕೆಂಟನ್ ಬ್ಯಾಂಡಿನಲ್ಲಿ ಪಳಗಿ, ಚಾರ್ಲ್ಸ್ ಮಿಂಗಸ್‌ನ 1963ರ ಪ್ರಸಿದ್ಧ ಆಲ್ಬಂ 'ದಿ ಬ್ಲ್ಯಾಕ್ ಸೇಂಟ್ ಅಂಡ್ ದಿ ಸಿನ್ನರ್ ಲೇಡಿ'ಯಲ್ಲಿ ನುಡಿಸಿದ್ದ. ಅರವತ್ತರ ದಶಕದಲ್ಲಿ ಮಲೇಷ್ಯಾದ ರೇಡಿಯೋ ವಾದ್ಯವೃಂದಕ್ಕೆ ಕೆಲಸ ಮಾಡಲು ಹೋದಾಗ ಅಲ್ಲಿ ನಾಗಸ್ವರ ಕೇಳಿದ. ಕೇಳಿ ಬಿಡಲಿಲ್ಲ, ಕಲಿಯಲು ಕೂತ. ಎಪ್ಪತ್ತರ ದಶಕದಲ್ಲಿ ದಕ್ಷಿಣ ಭಾರತಕ್ಕೇ ಬಂದು ಮುಂದುವರಿಸಿದ. ಹಾಗಾಗಿ 'ಜ್ಯೋತಿ'ಯಲ್ಲಿ ಆತನ ಸ್ಯಾಕ್ಸ್ ಗಮಕದ ಹತ್ತಿರ ಹತ್ತಿರ ಬಂದು ನಿಲ್ಲುತ್ತದೆ, ನಕಲು ಮಾಡಲು ಹೋಗುವುದಿಲ್ಲ.

ಕೊನ್ನಕೋಲು ಎಂದರೆ ಗೊತ್ತಿಲ್ಲದವರಿಗೆ ಒಂದು ಮಾತು. ಮೃದಂಗದ ಹೊಡೆತಗಳಿಗೆ ಒಂದೊಂದು ಸೊಲ್ಲು ಇದೆ. ಕೈಗೆ ಬರುವ ಮೊದಲು ಅದು ಬಾಯಿಗೆ ಬರಬೇಕು. ಪಾಠದ ಈ ಬಾಯಿಲೆಕ್ಕವೇ ವೇದಿಕೆಗೆ ಬಂದಾಗ ಕೊನ್ನಕೋಲು. ತನಿ ಆವರ್ತನದ ಕೊನೆಗೆ ಒಂದು ಲೆಕ್ಕವನ್ನು ಮೂರು ಸಲ ಹೇಳಿ, ಸರಿಯಾಗಿ ಎಡುಪಿಗೆ ತಂದು ಇಳಿಸುತ್ತಾರಲ್ಲ, ಆ ಮುಕ್ತಾಯವನ್ನು ಗಮನಿಸಿ. ಜಾಜ್ ಡ್ರಮ್ಮರ್ ತಾಳದ ಸುತ್ತ ತೇಲುತ್ತಾನೆ. ಇಲ್ಲಿ ಬಾಕಿ ಪೈಸೆ ಪೈಸೆಯೂ ಚುಕ್ತಾ. ಮರಿಯಾನೋನಂಥವರಿಗೆ ಹಿಡಿಸಿದ್ದು ಇದೇ ಇರಬೇಕು. ಐದಾರು ನಿಮಿಷ ಎಲ್ಲೆಲ್ಲೋ ಅಲೆದರೂ ಎಲ್ಲರೂ ಒಂದೇ ಬಾಗಿಲಿಗೆ ಒಟ್ಟಿಗೆ ಬಂದು ಸೇರುತ್ತಾರೆ.

ಇದು 'ಕನ್ನಡ ಆಲ್ಬಂ' ಎಂದು ನಾನು ವಾದಿಸುತ್ತಿಲ್ಲ. ಇದರ ಬಲ ಇರುವುದು ಸ್ವರದಲ್ಲಿ, ಸೊಲ್ಲಿನಲ್ಲಿ, ಆಲಾಪದಲ್ಲಿ. ಆದರೆ ಇಬ್ರಾಹಿಂಪಟ್ನಂನ ಕೇಳುಗರು ಕೇಳಿದ್ದು ಭಾಷೆಯನ್ನಲ್ಲ, "ನಮ್ಮವ್ರು ಯಾರೂ ಇಲ್ಲೇನ್ರಿ" ಎಂದು. ಇದ್ದಾರೆ, ಐವರಲ್ಲಿ ನಾಲ್ವರು. 'ಜ್ಯೋತಿ' ಹಿಡಿಸಿದರೆ ಇದೇ ಕೂಟದ 1990ರ 'ಲೈವ್' ಆಲ್ಬಂ ಹುಡುಕಿ. ಸ್ಟುಡಿಯೋದ ಅಚ್ಚುಕಟ್ಟು ಕಡಿಮೆ, ಬಿಸಿ ಜಾಸ್ತಿ. ಮರಿಯಾನೋ 2009ರ ಜೂನ್‌ನಲ್ಲಿ ಜರ್ಮನಿಯ ಕಲೋನ್‌ನಲ್ಲಿ ತೀರಿಕೊಂಡ.

ಸ್ಯಾಕ್ಸ್ ಹಿಡಿದಿದ್ದ ಅಮೆರಿಕದವ ನಾಗಸ್ವರದ ಕಡೆ ನಡೆದ ಕಾಲದಲ್ಲೇ, ನಾಗಸ್ವರದ ಮನೆಯ ಹುಡುಗನೊಬ್ಬ ಎದುರು ದಿಕ್ಕಿನಲ್ಲಿ ಹೊರಟಿದ್ದ. ಬಂಟ್ವಾಳ ತಾಲೂಕಿನ ಸಜೀಪದ ಕದ್ರಿ ಗೋಪಾಲನಾಥ್. ತಂದೆ ನಾಗಸ್ವರ ವಿದ್ವಾಂಸರು. ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತ ಹುಡುಗ ಅದನ್ನು ಕರ್ನಾಟಕ ಸಂಗೀತಕ್ಕೆ ಬಗ್ಗಿಸಲು ವರ್ಷಗಟ್ಟಲೆ ಹೆಣಗಿದ. ಸ್ಯಾಕ್ಸಿನ ಕೀಲಿ ಮೆಟ್ಟಿಲ ಹಾಗೆ, ಒಂದರಿಂದ ಇನ್ನೊಂದಕ್ಕೆ ಹಾರಬೇಕು. ನಮ್ಮ ರಾಗ ಇರುವುದೇ ಮೆಟ್ಟಿಲುಗಳ ನಡುವೆ! 1980ರಲ್ಲಿ ಮುಂಬೈನ ಜಾಜ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಜೊತೆ ನುಡಿಸಿದ ಮೇಲೆ ಕದ್ರಿ ಹೆಸರು ಹೊರಗಿನವರ ಕಿವಿಗೂ ಬಿತ್ತು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬಿಬಿಸಿ ಪ್ರಾಮ್ಸ್, 2004ರಲ್ಲಿ ಪದ್ಮಶ್ರೀ.

ಕದ್ರಿಯವರ ಜಾಜ್ ಆಲ್ಬಂ ಒಂದೇ ಕೇಳುವುದಾದರೆ 2008ರ 'ಕಿನ್ಸ್‌ಮೆನ್' ಕೇಳಿ. ಜೊತೆಗಾರ ರುದ್ರೇಶ್ ಮಹಾಂತಪ್ಪ, ನಮ್ಮ ನಾಡಿನಿಂದ ಅಮೆರಿಕಕ್ಕೆ ಹೋದ ಮನೆಯ ಮಗ. 1971ರಲ್ಲಿ ಇಟಲಿಯಲ್ಲಿ ಹುಟ್ಟಿ, ಕೊಲರಾಡೋದಲ್ಲಿ ಬೆಳೆದು, ಜಾಜ್ ಕಲಿಯುತ್ತಿದ್ದಾಗ ಅಣ್ಣ ತಮಾಷೆಗೆಂದು ಕದ್ರಿಯವರ 'ಸ್ಯಾಕ್ಸೊಫೋನ್ ಇಂಡಿಯನ್ ಸ್ಟೈಲ್' ಎಂಬ ಆಲ್ಬಂ ಕೊಟ್ಟರಂತೆ. ತಮ್ಮನಿಗೆ ಅದು ತಮಾಷೆಯಾಗಿ ಉಳಿಯಲಿಲ್ಲ. ಮುಂದೆ ಕದ್ರಿಯವರನ್ನೇ ಹುಡುಕಿಕೊಂಡು ಬಂದು ಈ ಆಲ್ಬಂ ಮಾಡಿದರು. ಎರಡು ಆಲ್ಟೋ ಸ್ಯಾಕ್ಸ್ ಎದುರುಬದುರು ನಿಂತಾಗ ಯಾವುದು ಮಂಗಳೂರು, ಯಾವುದು ನ್ಯೂಯಾರ್ಕ್ ಎಂದು ಗುರುತಿಸುವ ಆಟ ಮಜವಾಗಿರುತ್ತದೆ. ಗಮಕ ಸಿಕ್ಕರೆ ಕದ್ರಿ, ಹರಿತ ಸಿಕ್ಕರೆ ಮಹಾಂತಪ್ಪ. ಕೆಲವು ಕಡೆ ನಾನೂ ಸೋತಿದ್ದೇನೆ. ಆಂಧ್ರದ ಕೇಳುಗರಿಗೆ ಇನ್ನೊಂದು ಖುಷಿ: ಇದರಲ್ಲಿ ಪಿಟೀಲು ವಿಜಯನಗರಂನ ಎ. ಕನ್ಯಾಕುಮಾರಿ ಅವರದು. ಕದ್ರಿ 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ನಿಧನರಾದರು.

ಇನ್ನು ಫಂಕ್. ನಿಜ ಹೇಳಬೇಕೆಂದರೆ ಇಲ್ಲಿ ಸಿನಿಮಾ ಬಿಟ್ಟರೆ ಗತಿಯಿಲ್ಲ. ಜಿ.ಕೆ. ವೆಂಕಟೇಶ್ ರಾಜ್‌ಕುಮಾರ್ ಅವರ ಸಿಐಡಿ 999 ಚಿತ್ರಗಳಿಗೆ, 1968ರ 'ಜೇಡರ ಬಲೆ'ಯಿಂದ 1978ರ 'ಆಪರೇಷನ್ ಡೈಮಂಡ್ ರಾಕೆಟ್'ವರೆಗೆ, ಹಿತ್ತಾಳೆ ವಾದ್ಯ, ಗಿಟಾರು, ಬೊಂಗೊ ಎಲ್ಲ ಸೇರಿಸಿ ಕೊಟ್ಟ ಸಂಗೀತ ಇವತ್ತಿಗೂ ಕಾಲು ಕುಣಿಸುತ್ತದೆ. ಅಣ್ಣಾವ್ರು ಇಂಗ್ಲಿಷಿನಲ್ಲಿ ಹಾಡಿದ ಹಾಡು ಈ ಕೊನೆಯ ಚಿತ್ರದ್ದೇ. ವೆಂಕಟೇಶ್ ಬಳಿ ಸಹಾಯಕರಾಗಿ ದುಡಿದ ಇಳಯರಾಜಾ 1981ರಲ್ಲಿ ಶಂಕರ್‌ನಾಗ್ ಅವರ 'ಗೀತಾ'ಗೆ ಡಿಸ್ಕೋ ಬಾಸ್ ತಂದರು. ಹಾಡುಗಳು ಫೋನಿನಲ್ಲಿ ಬಿಡಿಬಿಡಿಯಾಗಿ ಸಿಗುತ್ತವೆ, ಸರಿ. ಆದರೆ ಹಿನ್ನೆಲೆ ಸಂಗೀತ, ಯಾವ ವಾದ್ಯ ಯಾರು ನುಡಿಸಿದರು ಎಂಬ ವಿವರ? ಚಿತ್ರದ ಟೈಟಲ್ ಕಾರ್ಡಿನಲ್ಲೂ ವಾದ್ಯಗಾರರ ಹೆಸರು ಬರುವುದು ಅಪರೂಪ. ರೂಪಾಗೆ ಸಿಕ್ಕ ಮರ್ಯಾದೆ ಆ ಬಾಸ್ ಗಿಟಾರ್‌ನವರಿಗೂ ಸಿಗಬೇಕಾದರೆ ಯಾರಾದರೂ ಮೊದಲು ಅವರ ಹೆಸರು ಬರೆದಿಡಬೇಕು. ಆ ಕಾಲದ ವಾದ್ಯವೃಂದಗಳಲ್ಲಿ ನುಡಿಸಿದವರು ನಿಮ್ಮ ಮನೆಯಲ್ಲಿ, ಬೀದಿಯಲ್ಲಿ ಇದ್ದರೆ ನಮಗೆ ತಿಳಿಸಿ. ಸ್ಟುಡಿಯೋಗೆ ಕರೆದು ಮಾತಾಡಿಸುತ್ತೇವೆ.

ಇಂಡಿ ಬಗ್ಗೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ 2008ರ ರಘು ದೀಕ್ಷಿತ್ ಆಲ್ಬಂ ಮತ್ತೊಮ್ಮೆ ಹಾಕಿ ಕೇಳಿ. ಹತ್ತೊಂಬತ್ತನೇ ಶತಮಾನದ ಶಿಶುನಾಳ ಷರೀಫರ ತತ್ವಪದ ಗಿಟಾರಿನ ಜೊತೆ 2010ರ ಹೊತ್ತಿಗೆ ಬ್ರಿಟನ್ನಿನ ಕೇಳುಗರನ್ನೂ ಮುಟ್ಟಿತ್ತು. ಜೂಲ್ಸ್ ಹಾಲೆಂಡ್‌ನ ಬಿಬಿಸಿ ಕಾರ್ಯಕ್ರಮದಲ್ಲಿ ಪಂಚೆ, ಗೆಜ್ಜೆ ಕಟ್ಟಿ ಹಾಡಿದ್ದು ಆ ವರ್ಷವೇ.

ಈ ಪುಟ ಅಚ್ಚಿಗೆ ಕಳಿಸುವ ಮುಂಚೆ ಇಬ್ರಾಹಿಂಪಟ್ನಂಗೆ ಫೋನ್ ಮಾಡಿ ತಪ್ಪು ಒಪ್ಪಿಕೊಂಡೆ. ಇಸಿಎಂ ತನ್ನ ಆಲ್ಬಂಗಳನ್ನು 2017ರ ನವೆಂಬರ್‌ನಲ್ಲಿ ಸ್ಟ್ರೀಮಿಂಗ್‌ಗೆ ಬಿಟ್ಟದ್ದರಿಂದ 'ಜ್ಯೋತಿ' ಅಲ್ಲೂ ಫೋನಿನಲ್ಲೇ ಸಿಗುತ್ತದೆ ಎಂದೆ. ಎರಡು ದಿನ ಬಿಟ್ಟು ಅವರೇ ಕರೆ ಮಾಡಿದರು. "ಆ ಅಮ್ಮಾರು ಒಬ್ರ ಹಾಡೂದು ಮುಗಿದು ಮ್ಯಾಳ ಶುರು ಆಗ್ತದಲ್ರಿ, ಅಲ್ಲೀತನ ನಾ ಕುಂತಲ್ಲಿಂದ ಎದ್ದಿಲ್ಲ. ಅದನ್ನ ರೇಡಿಯೋದಾಗ ಹಚ್ರಿ, ನಡುವ ಜಾಹೀರಾತು ಬ್ಯಾಡ" ಎಂದರು.

ಬರುವ ಭಾನುವಾರ 'ಜ್ಯೋತಿ'ಯ ಮೊದಲ ಮಗ್ಗುಲು ಪೂರ್ತಿ ಹಾಕುತ್ತಿದ್ದೇವೆ. ಜಾಹೀರಾತು ವಿಭಾಗದವರು ಒಪ್ಪಿದ್ದಾರೆ, ಮುಖ ಗಂಟಿಕ್ಕಿಕೊಂಡೇ.