ವಿಕೃತಿ ಮಾಪನದಿಂದ ವಿಮಾನದ ರೆಕ್ಕೆಯ ವಾಯುಬಲಗಳ ಅಂದಾಜು

ವಿಕೃತಿ ಮಾಪನದಿಂದ ವಾಯುಬಲಗಳ ಅಂದಾಜು ಎಂಬುದು ಹಾರುತ್ತಿರುವ ವಿಮಾನದ ರೆಕ್ಕೆಯ ಮೇಲೆ ಗಾಳಿಯು ಪ್ರಯೋಗಿಸುವ ಬಲಗಳನ್ನು, ರೆಕ್ಕೆಯ ರಚನೆಯಲ್ಲಿ ಉಂಟಾಗುವ ಅತಿಸೂಕ್ಷ್ಮ ಹಿಗ್ಗು-ಕುಗ್ಗುಗಳ ಮೂಲಕ ಲೆಕ್ಕಹಾಕುವ ವಿಧಾನವಾಗಿದೆ. ವಿನ್ಯಾಸದಲ್ಲಿ ಊಹಿಸಿದ ಮಿತಿಯನ್ನು ವಾಸ್ತವದ ಭಾರಗಳು ಮೀರುತ್ತವೆಯೇ ಎಂಬುದನ್ನು ಪರೀಕ್ಷಾ ಹಾರಾಟಗಳಲ್ಲಿ ಇದರಿಂದ ತಿಳಿಯಲಾಗುತ್ತದೆ.

ತತ್ವ

ಮೂಲ ಉದ್ದಕ್ಕೆ ಹೋಲಿಸಿದಾಗ ವಸ್ತುವಿನ ಉದ್ದದಲ್ಲಾಗುವ ಬದಲಾವಣೆಯ ಪ್ರಮಾಣವೇ ವಿಕೃತಿ ಅಥವಾ ಸ್ಟ್ರೇನ್. ಇದನ್ನು ಅಳೆಯುವ ಸ್ಟ್ರೇನ್ ಗೇಜ್ ಅನ್ನು ಎಡ್ವರ್ಡ್ ಸಿಮನ್ಸ್ ಮತ್ತು ಆರ್ಥರ್ ರೂಗ್ 1938ರಲ್ಲಿ ಪ್ರತ್ಯೇಕವಾಗಿ ರೂಪಿಸಿದರು. ಲೋಹದೊಂದಿಗೆ ಗೇಜ್ ಹಿಗ್ಗಿದಾಗ ಅದರ ವಿದ್ಯುತ್ ರೋಧ ಹೆಚ್ಚುತ್ತದೆ. ಅಲ್ಯೂಮಿನಿಯಂ ಭಾಗವೊಂದು ಸಾವಿರದಲ್ಲಿ ಒಂದು ಪಾಲು ಹಿಗ್ಗಿದರೆ, 350 ಓಮ್‌ನ ಸಾಮಾನ್ಯ ಗೇಜ್‌ನ ರೋಧ ಸುಮಾರು 0.7 ಓಮ್ ಮಾತ್ರ ಬದಲಾಗುತ್ತದೆ. ಇಷ್ಟು ಸಣ್ಣ ವ್ಯತ್ಯಾಸವನ್ನು ಗುರುತಿಸಲು ಗೇಜ್‌ಗಳನ್ನು ವೀಟ್‌ಸ್ಟನ್ ಸೇತುವೆಯಾಗಿ ಜೋಡಿಸಲಾಗುತ್ತದೆ.

ಅಂಶಾಂಕನ

ಗೇಜ್ ನೇರವಾಗಿ ಬಲವನ್ನು ಅಳೆಯುವುದಿಲ್ಲ. ಒಂದೇ ಸೇತುವೆಯು ಕತ್ತರಿ ಬಲ, ಬಾಗು ಭ್ರಾಮಕ ಮತ್ತು ತಿರುಚು ಭ್ರಾಮಕ ಈ ಮೂರಕ್ಕೂ ಸ್ಪಂದಿಸಬಹುದು. ಆದ್ದರಿಂದ ಹಾರಾಟಕ್ಕೆ ಮೊದಲು ನೆಲದ ಮೇಲೆ ರೆಕ್ಕೆಯ ಹಲವು ಬಿಂದುಗಳಲ್ಲಿ ತಿಳಿದ ಭಾರಗಳನ್ನು ಹೇರಿ, ಪ್ರತಿ ಸೇತುವೆಯ ಸ್ಪಂದನವನ್ನು ದಾಖಲಿಸಲಾಗುತ್ತದೆ. ಈ ದತ್ತಾಂಶದಿಂದ ಕನಿಷ್ಠ ವರ್ಗ ವಿಧಾನದ ಮೂಲಕ ಭಾರ ಸಮೀಕರಣಗಳ ಗುಣಾಂಕಗಳು ದೊರೆಯುತ್ತವೆ. ಅಮೆರಿಕದ ನಾಕಾ ಸಂಸ್ಥೆಯ ಸ್ಕೋಪಿನ್‌ಸ್ಕಿ, ಏಕನ್ ಮತ್ತು ಹಸ್ಟನ್ ಅವರ 1178ನೇ ವರದಿಯು 1954ರಲ್ಲಿ ಈ ಕ್ರಮವನ್ನು ವ್ಯವಸ್ಥಿತಗೊಳಿಸಿತು.

ಜಡತ್ವದ ತಿದ್ದುಪಡಿ

ಹಾರಾಟದಲ್ಲಿ ದೊರೆಯುವ ವಿಕೃತಿ ಗಾಳಿಯ ಬಲದಿಂದ ಮಾತ್ರ ಉಂಟಾದುದಲ್ಲ. ಗಾಳಿಯು ರೆಕ್ಕೆಯನ್ನು ಮೇಲಕ್ಕೆ ಬಾಗಿಸಿದರೆ, ರೆಕ್ಕೆ ಮತ್ತು ಅದರೊಳಗಿನ ಇಂಧನದ ರಾಶಿ ಕೆಳಕ್ಕೆ ಎಳೆಯುತ್ತದೆ. ಭಾರಾಂಶ 3 ಇರುವ ತಿರುವಿನಲ್ಲಿ 1,000 ಕಿಲೋಗ್ರಾಂ ರಾಶಿಯು 3,000 ಕಿಲೋಗ್ರಾಂ ತೂಕದಂತೆ ವರ್ತಿಸುತ್ತದೆ. ವೇಗೋತ್ಕರ್ಷ ಮಾಪಕಗಳ ನೆರವಿನಿಂದ ಈ ಜಡತ್ವದ ಪಾಲನ್ನು ಲೆಕ್ಕಹಾಕಿ, ಅಳೆದ ನಿವ್ವಳ ಭಾರಕ್ಕೆ ಸೇರಿಸಿದಾಗ ಮಾತ್ರ ವಾಯುಬಲ ತಿಳಿಯುತ್ತದೆ.

ಮಿತಿಗಳು

ಕೆಲವೇ ಸ್ಥಳಗಳ ವಿಕೃತಿಯಿಂದ ಇಡೀ ರೆಕ್ಕೆಯ ಒತ್ತಡ ಹಂಚಿಕೆಯನ್ನು ಏಕೈಕವಾಗಿ ನಿರ್ಧರಿಸಲಾಗದು. ಭಿನ್ನ ಹಂಚಿಕೆಗಳು ಒಂದೇ ಬಗೆಯ ವಿಕೃತಿಯನ್ನು ನೀಡಬಹುದು. ಉಷ್ಣತೆಯೂ ವಿಕೃತಿಯನ್ನು ಉಂಟುಮಾಡುತ್ತದೆ. ಶಬ್ದಾತೀತ ವಿಮಾನಗಳಲ್ಲಿ ಇದು ಗಂಭೀರ ತೊಡಕು. 1970ರ ದಶಕದಲ್ಲಿ ನಾಸಾ ಸಂಸ್ಥೆಯು ವೈಎಫ್-12 ವಿಮಾನವನ್ನು ಪ್ರಯೋಗಾಲಯದಲ್ಲಿ ಕಾಯಿಸಿ, ಉಷ್ಣದ ಪರಿಣಾಮವನ್ನು ಬೇರ್ಪಡಿಸುವ ಅಧ್ಯಯನ ನಡೆಸಿತು.

ಇತ್ತೀಚಿನ ಬೆಳವಣಿಗೆ

ಕೂದಲೆಳೆಯಷ್ಟು ತೆಳುವಾದ ದ್ಯುತಿ ತಂತುಗಳು ಒಂದೇ ಎಳೆಯ ಉದ್ದಕ್ಕೂ ನೂರಾರು ಕಡೆ ವಿಕೃತಿಯನ್ನು ಅಳೆಯಬಲ್ಲವು. ನಾಸಾದ ಮಾನವರಹಿತ ವಿಮಾನ ಇಖಾನಾದಲ್ಲಿ 2008ರಲ್ಲಿ ಇವುಗಳನ್ನು ಪರೀಕ್ಷಿಸಲಾಯಿತು. ಇವುಗಳ ದತ್ತಾಂಶದಿಂದ ರೆಕ್ಕೆಯ ಬಾಗಿದ ಆಕಾರವನ್ನೂ ಲೆಕ್ಕಹಾಕಬಹುದು.