ಉಬ್ಬಸ, ಎದೆನೋವು, ಒಂದು ತಂಬಿಗೆ

ಯಾರಾದ್ರೂ ದುಃಖ ತಡೀಲಾರದೆ ಹೋದ್ರೆ ನಮ್ಮ ಕಡೆ "ಎದೆ ಒಡೆದು ಸತ್ತರು" ಅಂತಾರೆ. ಅದು ಬರೀ ಮಾತು ಅಂದ್ಕೊಂಡಿದ್ದೆ. ಚಾಮರಾಜಪೇಟೆ ದೊಡ್ಡಮ್ಮನಿಗೆ ಆಗಿದ್ದು ನೋಡಿದ್ಮೇಲೆ, ಅದು ಪೂರ್ತಿ ಸುಳ್ಳಲ್ಲ ಅಂತ ಗೊತ್ತಾಯ್ತು.

ದೊಡ್ಡಮ್ಮನಿಗೆ ಚಿಕ್ಕಂದಿನಿಂದ ಉಬ್ಬಸ. ಕಾರ್ತೀಕ ಮಾಸದ ಚಳಿ ಬಂತು ಅಂದ್ರೆ ರಾತ್ರಿಯೆಲ್ಲ ದಿಂಬಿಗೆ ಒರಗಿ ಕೂತಿರೋರು. ಅವರ ತಮ್ಮ ಹೋದ ಸುದ್ದಿ ಬಂದ ದಿನ ಉಬ್ಬಸ ಜಾಸ್ತಿಯಾಯ್ತು. ಪಂಪ್ ಎಳೆದೂ ಎಳೆದೂ ಸಾಕಾಯ್ತು. "ಎದೆ ಹಿಂಡ್ತಿದೆ ಕಣೇ" ಅಂದ್ರು. ನಾವೋ, ಇದ್ದಿದ್ದೇ ಉಬ್ಬಸ, ಅತ್ತೂ ಅತ್ತೂ ಹೀಗಾಗಿದೆ ಅಂತ ಬಿಸಿನೀರು ಕೊಟ್ಟು, ಎದೆಗೆ ಅಮೃತಾಂಜನ ಸವರಿ ಕೂರಿಸಿದ್ವಿ. ಆಸ್ಪತ್ರೆಗೆ ಹೋಗಿದ್ದು ಬೆಳಗಾದ್ಮೇಲೆ. ಇಸಿಜಿ ನೋಡಿ ಹಾರ್ಟ್ ಅಟ್ಯಾಕ್ ಅಂದ್ರು. ಆಂಜಿಯೋಗ್ರಾಂ ಮಾಡಿದ್ರೆ ರಕ್ತನಾಳದಲ್ಲಿ ಎಲ್ಲೂ ಅಡ್ಡಿಯಿಲ್ಲ! ಎಕೋದಲ್ಲಿ ಮಾತ್ರ ಹೃದಯದ ಕೆಳಭಾಗ ಬಲೂನಿನ ಹಾಗೆ ಉಬ್ಬಿ, ಬಡಿಯೋದನ್ನೇ ಮರೆತಿತ್ತು.

ಈ ಕಾಯಿಲೆಗೆ ಹೆಸರು ಬಂದದ್ದು ಜಪಾನಿನಿಂದ. 1990ರಲ್ಲಿ ಹಿರೋಷಿಮಾದ ಡಾಕ್ಟರ್ ಸಾಟೋ ಅನ್ನೋರು ಇದನ್ನ 'ಟಾಕೋತ್ಸುಬೋ' ಅಂತ ಕರೆದರು. ಅಲ್ಲಿನ ಬೆಸ್ತರು ಆಕ್ಟೋಪಸ್ ಹಿಡಿಯೋ ಮಡಕೆ ಅದು, ಕತ್ತು ಸಣ್ಣ, ತಳ ಗುಂಡಗೆ. ನಮಗೆ ಹೇಳೋದಾದ್ರೆ ತಂಬಿಗೆ ಅನ್ನಿ. 2005ರಲ್ಲಿ ಅಮೆರಿಕದ ಡಾಕ್ಟರುಗಳು ಹಠಾತ್ ದುಃಖ, ಭಯದಿಂದ ಹೀಗಾದ 19 ಜನರ ವಿಷಯ ಬರೆದರು. ಅವರಲ್ಲಿ 18 ಜನ ಹೆಂಗಸರು. 2015ರಲ್ಲಿ ಹಲವು ದೇಶದ 1750 ರೋಗಿಗಳ ಲೆಕ್ಕ ಬಂದಾಗಲೂ ನೂರಕ್ಕೆ 90 ಹೆಂಗಸರೇ, ಬಹುಪಾಲು ಮುಟ್ಟು ನಿಂತೋರು. ಮನಸ್ಸಿನ ನೋವಿಗಿಂತ ದೇಹಕ್ಕೆ ಬಿದ್ದ ಪೆಟ್ಟಿನಿಂದ ಬಂದದ್ದು ಹೆಚ್ಚು. ಆ ಪೆಟ್ಟುಗಳಲ್ಲಿ ಉಸಿರು ಕಟ್ಟೋದೂ ಒಂದು.

ಡಾಕ್ಟರುಗಳು ಮುಖ್ಯವಾಗಿ ಬೊಟ್ಟು ಮಾಡೋದು ಅಡ್ರಿನಲಿನ್ ಕಡೆಗೆ. ನಾವು ಹೆದರಿದಾಗ ಮೈಯಲ್ಲಿ ಉಕ್ಕೋ ರಸ ಅದು. ವಿಚಿತ್ರ ನೋಡಿ, ಉಬ್ಬಸದ ಔಷಧಿಯ ಕಥೆಯಲ್ಲೂ ಅದೇ ಬರುತ್ತೆ. ಹಿಂದೆ ನಮ್ಮ ಕಡೆ ಉಬ್ಬಸಕ್ಕೆ ಉಮ್ಮತ್ತಿ ಹೊಗೆ ಎಳೀತಿದ್ರು. 1802ರ ಹೊತ್ತಿಗೆ ಮದರಾಸಿನಿಂದ ಆ ಪದ್ಧತಿ ಇಂಗ್ಲೆಂಡಿಗೂ ಹೋಯ್ತು. (ಉಮ್ಮತ್ತಿ ವಿಷ, ಯಾರೂ ಮುಟ್ಟಬೇಡಿ!) 1901ರಲ್ಲಿ ತಕಮಿನೆ ಅನ್ನೋ ಜಪಾನಿ ವಿಜ್ಞಾನಿ ಅಡ್ರಿನಲಿನ್ನನ್ನ ಶುದ್ಧ ಹರಳಾಗಿ ತೆಗೆದದ್ದು ಪ್ರಕಟವಾಯ್ತು. ಎರಡು ವರ್ಷದಲ್ಲೇ ಅದು ಉಬ್ಬಸದ ಇಂಜೆಕ್ಷನ್ ಆಯ್ತು. ಈಗಿನ ಪಂಪಿನ ಸಾಲ್ಬುಟಮಾಲ್ ಕೂಡ ಅದರ ವಂಶದ್ದೇ. ಉಸಿರು ಸಿಗದ ಭಯ, ಸಾವಿನ ದುಃಖ, ಮೇಲಿಂದ ಮೇಲೆ ಔಷಧಿ, ಎಲ್ಲ ಒಟ್ಟಿಗೆ ಸೇರಿದಾಗ ಅಪರೂಪಕ್ಕೆ ಹೃದಯ ಸೋಲುತ್ತೆ.

ಅಪರೂಪ ಅಂತ ಸುಮ್ಮನಿರೋ ಹಾಗಿಲ್ಲ, ಉಬ್ಬಸ ನಮ್ಮೂರಲ್ಲಿ ಅಪರೂಪ ಅಲ್ವಲ್ಲ. 1898ರ ಪ್ಲೇಗ್ ಆದ್ಮೇಲೆ ಗಾಳಿ ಬೆಳಕು ಚೆನ್ನಾಗಿರಲಿ ಅಂತ ಅಗಲದ ರಸ್ತೆ ಬಿಟ್ಟು ಕಟ್ಟಿದ ಬಡಾವಣೆಗಳು ನಮ್ಮ ಬಸವನಗುಡಿ, ಮಲ್ಲೇಶ್ವರ. ಅದೇ ಊರಲ್ಲಿ ಡಾ. ಎಚ್. ಪರಮೇಶ್ ಅವರು ಇಪ್ಪತ್ತು ಸಾವಿರ ಮಕ್ಕಳನ್ನ ನೋಡಿ ಲೆಕ್ಕ ಇಟ್ಟರು. 1979ರಲ್ಲಿ ನೂರಕ್ಕೆ 9 ಮಕ್ಕಳಿಗೆ ಇದ್ದ ಆಸ್ತಮಾ 1999ಕ್ಕೆ 29.5 ಆಗಿತ್ತು. ಆ ಮಕ್ಕಳಲ್ಲಿ ಹಳಬರು ಈಗ ನನ್ನ ವಯಸ್ಸಿನ ಹೆಂಗಸರು.

ಇದನ್ನ ಓದಿ ಯಾರೂ ಪಂಪ್ ಬಿಡಬೇಡಿ. ಬಿಟ್ಟರೆ ಉಬ್ಬಸವೇ ಜೀವಕ್ಕೆ ಬರುತ್ತೆ. ಆದರೆ ಹೇಳಿದಷ್ಟು ಸಲ ಎಳೆದರೂ ಇಳೀಲಿಲ್ಲ ಅಂದ್ರೆ, ಎದೆ ಹಿಂಡಿದ್ರೆ, ಬೆವರು ಕಿತ್ಕೊಂಡು ಬಂದ್ರೆ ಬೆಳಗಾಗಲಿ ಅಂತ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಹೋದ ಕೂಡಲೇ "ಆಸ್ತಮಾ ಇದೆ, ಈ ಪಂಪ್ ಇಷ್ಟು ಸಲ ತಗೊಂಡಿದಾರೆ, ಮನೇಲಿ ಹೀಗಾಗಿದೆ" ಅಂತ ಮೂರೂ ಹೇಳಿ.

ದೊಡ್ಡಮ್ಮನ ಹೃದಯ ಒಂದೂವರೆ ತಿಂಗಳಲ್ಲಿ ಮೊದಲಿನ ಹಾಗಾಯ್ತು. ಬಹಳ ಜನಕ್ಕೆ ಹಾಗೇ ಆಗುತ್ತೆ, ಕೆಲವರಿಗೆ ಮೊದಲ ದಿನಗಳಲ್ಲೇ ಪ್ರಾಣಕ್ಕೆ ಬರುತ್ತೆ. ಆ ರಾತ್ರಿ ಅವರು ಎದೆ ಅಂದಿದ್ದು ನನಗೆ ಕೇಳಿಸಿತ್ತು. ನಾನೇ ಅದನ್ನ ಅಳು ಅಂದ್ಕೊಂಡೆ.