ಸಾಮ್ರಾಜ್ಯ ಕಟ್ಟುವ ವಿಡಿಯೋ ಗೇಮ್‌ಗಳು

ಸಾಮ್ರಾಜ್ಯ ಕಟ್ಟುವ ಗೇಮ್‌ಗಳು ಸ್ಟ್ರಾಟೆಜಿ ಆಟಗಳ ಒಂದು ಮುಖ್ಯ ಶಾಖೆ. ಒಂದು ಊರಿನಿಂದಲೋ ಸಣ್ಣ ನಾಡಿನಿಂದಲೋ ಆರಂಭಿಸಿ, ನೆಲ, ದವಸ, ಬೊಕ್ಕಸ, ಸೈನ್ಯ, ವಿದ್ಯೆಗಳನ್ನು ಬೆಳೆಸುತ್ತ ದೊಡ್ಡ ರಾಜ್ಯವನ್ನು ಕಟ್ಟುವುದು ಇವುಗಳ ಗುರಿ. ಚದುರಂಗದಲ್ಲಿ ಎದುರಾಳಿಯ ಕಾಯಿಗಳೆಲ್ಲ ಕಣ್ಣೆದುರೇ ಇರುತ್ತವೆ. ಇಲ್ಲಿ ಸಾಮಾನ್ಯವಾಗಿ ನಕ್ಷೆಯ ಬಹುಭಾಗ ಮೊದಲಿಗೆ ಕತ್ತಲಲ್ಲಿರುತ್ತದೆ. ಕಾಯಿಗಳನ್ನು ಆಡುವವರೇ ತಯಾರಿಸಿಕೊಳ್ಳಬೇಕು. ಒಂದೊಂದು ಸಲ ಆಡಿ ಮುಗಿಸಲು ಹತ್ತಾರು ಗಂಟೆ ಹಿಡಿಯುವುದೂ ಉಂಟು. ಆದ್ದರಿಂದ ಈ ಆಟಗಳ ಚರಿತ್ರೆಯಲ್ಲಿ ಎರಡು ಎಳೆಗಳು ಹೆಣೆದುಕೊಂಡಿವೆ. ಆಟದ ವಿಸ್ತಾರ ಹಿಗ್ಗುತ್ತ ಹೋದದ್ದು ಒಂದು. ಹೊಸಬರಿಗೆ ಅದನ್ನು ಕಲಿಸಿಕೊಡುವ ಕೆಲಸ ಅಚ್ಚಾದ ಕೈಪಿಡಿಯಿಂದ ಪರದೆಯ ಒಳಗೇ ಸರಿದದ್ದು ಇನ್ನೊಂದು.

ಮೊದಲ ಪ್ರಯೋಗಗಳು

ಈ ಬಗೆಯ ಆಟ ಹುಟ್ಟಿದ್ದು ಮಕ್ಕಳ ಪಾಠಕ್ಕಾಗಿ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ವೆಸ್ಟ್‌ಚೆಸ್ಟರ್ ಕೌಂಟಿಯ ಶಿಕ್ಷಣ ಮಂಡಳಿಯೂ ಐಬಿಎಂ ಕಂಪನಿಯೂ ಸೇರಿ ನಡೆಸಿದ ಪ್ರಯೋಗವೊಂದರಲ್ಲಿ, ಶಾಲಾ ಶಿಕ್ಷಕಿ ಮೇಬಲ್ ಆಡಿಸ್ 1964ರಲ್ಲಿ ‘ದ ಸುಮೇರಿಯನ್ ಗೇಮ್’ ರೂಪಿಸಿದರು. ವಿಲಿಯಂ ಮೆಕೇ ಅದರ ಪ್ರೋಗ್ರಾಂ ಬರೆದರು. ಆಡುವ ಮಗು ಪ್ರಾಚೀನ ಲಗಾಶ್ ನಗರದ ದೊರೆ. ಸುಗ್ಗಿಯಲ್ಲಿ ಬಂದ ಧಾನ್ಯದಲ್ಲಿ ಊಟಕ್ಕೆಷ್ಟು, ಬಿತ್ತನೆಗೆಷ್ಟು, ಕಣಜಕ್ಕೆಷ್ಟು ಎಂದು ಟೈಪ್ ಮಾಡಿ ತಿಳಿಸಬೇಕಿತ್ತು.

ಇದೇ ಕಲ್ಪನೆಯನ್ನು ಡಗ್ ಡೈಮೆಂಟ್ 1968ರಲ್ಲಿ ಚಿಕ್ಕ ಪ್ರೋಗ್ರಾಂ ಆಗಿ ಬರೆದರು. ಡೇವಿಡ್ ಆಲ್ ಅದನ್ನು ಬೇಸಿಕ್ ಭಾಷೆಗೆ ತಂದು, 1973ರಲ್ಲಿ ತಮ್ಮ ಬೇಸಿಕ್ ಆಟಗಳ ಸಂಕಲನದಲ್ಲಿ ಅಚ್ಚು ಹಾಕಿಸಿದರು. ‘ಹಮುರಾಬಿ’ ಎಂದು ಹೆಸರಾದ ಈ ಆಟದಲ್ಲಿ ಚಿತ್ರವೇ ಇಲ್ಲ. ಮೊದಲ ವರ್ಷದ ವರದಿ ಹೀಗಿರುತ್ತದೆ: ಜನಸಂಖ್ಯೆ 100, ನಗರದ ಭೂಮಿ 1000 ಎಕರೆ, ಇಲಿಗಳ ಪಾಲಾದದ್ದು 200 ಬುಶೆಲ್, ಕಣಜದಲ್ಲಿ ಉಳಿದದ್ದು 2800 ಬುಶೆಲ್. ಎಕರೆ ಎಷ್ಟು ಕೊಳ್ಳುವಿರಿ, ಜನರಿಗೆ ಎಷ್ಟು ಉಣಿಸುವಿರಿ, ಎಷ್ಟು ಬಿತ್ತುವಿರಿ ಎಂದು ಕಂಪ್ಯೂಟರ್ ಕೇಳುತ್ತದೆ. ಇದ್ದುದನ್ನೆಲ್ಲ ಉಣಿಸಿದರೆ ಬಿತ್ತನೆಗೆ ಕಾಳಿಲ್ಲ. ಬಿತ್ತನೆಗೇ ಸುರಿದರೆ ಜನ ಹಸಿವಿನಿಂದ ಸಾಯುತ್ತಾರೆ. ಇಂದು ತಿನ್ನುವುದೋ ನಾಳೆಗೆ ಬೆಳೆಸುವುದೋ ಎಂಬ ಈ ಇಕ್ಕಟ್ಟೇ ಮುಂದಿನ ಎಲ್ಲ ಸಾಮ್ರಾಜ್ಯದ ಆಟಗಳ ತಿರುಳಾಗಿ ಉಳಿಯಿತು.

ನಕ್ಷೆ ಮತ್ತು ಯುದ್ಧ ಬೇರೆ ದಾರಿಯಿಂದ ಬಂದವು. ವಾಲ್ಟರ್ ಬ್ರೈಟ್ 1977ರಲ್ಲಿ ಬರೆದ ‘ಎಂಪೈರ್’ ಆಟದಲ್ಲಿ ಕತ್ತಲ ನಕ್ಷೆಯನ್ನು ಶೋಧಿಸಿ, ನಗರಗಳನ್ನು ಹಿಡಿದು, ಅವುಗಳಿಂದ ಸೈನ್ಯ ತಯಾರಿಸುವ ಕ್ರಮವಿತ್ತು. ಬ್ರಿಟನ್ನಿನ ಫ್ರಾನ್ಸಿಸ್ ಟ್ರೆಶಮ್ 1980ರಲ್ಲಿ ಪ್ರಕಟಿಸಿದ ‘ಸಿವಿಲೈಸೇಷನ್’ ಎಂಬ ಬೋರ್ಡ್ ಆಟ, ಕಲಿತ ಒಂದು ವಿದ್ಯೆ ಮುಂದಿನ ವಿದ್ಯೆಯನ್ನು ಸುಲಭಗೊಳಿಸುವ ಏರ್ಪಾಡನ್ನು ತಂದಿತು. ಜಪಾನಿನ ಕೋಯೀ ಕಂಪನಿ 1983ರಲ್ಲಿ ‘ನೊಬುನಾಗಾಸ್ ಆ್ಯಂಬಿಷನ್’ ಹೊರತಂದು, ನಿಜವಾದ ಚರಿತ್ರೆಯ ದೊರೆಗಳನ್ನೂ ಪ್ರಾಂತ್ಯಗಳನ್ನೂ ಪರದೆಯ ಮೇಲಿಟ್ಟಿತು.

ಸಿವಿಲೈಸೇಷನ್

ಬಿಡಿ ಎಳೆಗಳನ್ನು ಒಂದೇ ಆಟವಾಗಿ ನೇಯ್ದದ್ದು ಮೈಕ್ರೋಪ್ರೋಸ್ ಕಂಪನಿಯ ಸಿಡ್ ಮೈಯರ್ ಮತ್ತು ಬ್ರೂಸ್ ಶೆಲ್ಲಿ. ಇಬ್ಬರೂ 1990ರಲ್ಲಿ ‘ರೇಲ್‌ರೋಡ್ ಟೈಕೂನ್’ ಮುಗಿಸಿದ್ದರು. ವಿಲ್ ರೈಟ್ ಅವರ ‘ಸಿಮ್‌ಸಿಟಿ’ (1989) ನಗರ ಕಟ್ಟುವುದೇ ಒಂದು ಆಟವಾಗಬಹುದೆಂದು ತೋರಿಸಿಕೊಟ್ಟಿತ್ತು. ಮೈಯರ್ ಮತ್ತು ಶೆಲ್ಲಿ ಅವರ ‘ಸಿವಿಲೈಸೇಷನ್’ ಮೊದಲು ಗಡಿಯಾರದೊಂದಿಗೆ ಓಡುವ ಆಟವಾಗಿತ್ತು. ನೋಡುತ್ತ ಕೂರುವುದೇ ಹೆಚ್ಚಾಗುತ್ತದೆಂದು ಮೈಯರ್ ಅದನ್ನು ಸರದಿಯ ಆಟವಾಗಿ ಬದಲಾಯಿಸಿದರು. 1991ರಲ್ಲಿ ಅದು ಮಾರುಕಟ್ಟೆಗೆ ಬಂತು.

ಆಟ ತೆರೆದುಕೊಳ್ಳುವುದು ಕ್ರಿ.ಪೂ. 4000ದಲ್ಲಿ. 80 ಚೌಕ ಅಗಲ, 50 ಚೌಕ ಎತ್ತರದ ನಕ್ಷೆಯಲ್ಲಿ ಒಂದು ತುಣುಕಿಗೆ ಮಾತ್ರ ಬೆಳಕು. ಅದರ ಮೇಲೆ ವಲಸೆಗಾರರ ಬಂಡಿ. ‘ಬಿ’ ಕೀಲಿ ಒತ್ತಿದರೆ ಬಂಡಿ ಮಾಯವಾಗಿ ಅಲ್ಲೊಂದು ಊರು ಏಳುತ್ತದೆ. ತಾನು ಕೂತ ಚೌಕವೂ ಸೇರಿ 21 ಚೌಕಗಳಿಂದ ಊರು ಅನ್ನ, ದುಡಿಮೆ, ವ್ಯಾಪಾರ ಪಡೆಯಬಲ್ಲದು. ಆದ್ದರಿಂದ ಹೊಳೆಯ ಪಕ್ಕದ ಹುಲ್ಲುಗಾವಲಿನಲ್ಲಿ ಕಟ್ಟಿದ ಊರಿಗೂ ಬೆಟ್ಟದ ನಡುವೆ ಕಟ್ಟಿದ ಊರಿಗೂ ಸಾವಿರಾರು ವರ್ಷಗಳ ಮೇಲೂ ಅಂತರ ಉಳಿಯುತ್ತದೆ. ಎದುರಾಳಿಗಳನ್ನೆಲ್ಲ ಗೆದ್ದರೂ ಜಯ, ಆಲ್ಫಾ ಸೆಂಟಾರಿ ನಕ್ಷತ್ರಕ್ಕೆ ನೌಕೆ ತಲುಪಿಸಿದರೂ ಜಯ.

ಕಲಿಸುವ ಹೊಣೆ ಹೊತ್ತದ್ದು ಶೆಲ್ಲಿ ಬರೆದ ದಪ್ಪ ಕೈಪಿಡಿ. ನಕಲು ಪ್ರತಿಗಳನ್ನು ತಡೆಯಲೂ ಅದೇ ಸಾಧನ: ಆಟದ ನಡುವೆ, ಇಂತಹ ವಿದ್ಯೆಗೆ ಮುಂಚೆ ಯಾವ ವಿದ್ಯೆಗಳು ಬೇಕು ಎಂಬ ಪ್ರಶ್ನೆ ಏಳುತ್ತಿತ್ತು, ಕೈಪಿಡಿ ಇದ್ದವರಿಗೆ ಉತ್ತರ ಸಲೀಸು. ಜೊತೆಗೆ ‘ಸಿವಿಲೋಪೀಡಿಯಾ’ ಎಂಬ ಪುಟ್ಟ ವಿಶ್ವಕೋಶವೂ ಆಟದೊಳಗೇ ಇತ್ತು. ಮುಂದಿನ ಭಾಗಗಳು ಈ ಕಡೆಗೇ ಹೆಚ್ಚು ಗಮನ ಕೊಟ್ಟವು. 1996ರ ಎರಡನೇ ಭಾಗದಲ್ಲಿ ನಟರು ಮಂತ್ರಿಗಳಾಗಿ ವಿಡಿಯೋದಲ್ಲಿ ಬಂದು ಸಲಹೆ ಕೊಡುತ್ತಿದ್ದರು. ಯುಗ ಬದಲಾದಂತೆ ಅವರ ಉಡುಪೂ ಬದಲಾಗುತ್ತಿತ್ತು. ಮೂರನೇ ಭಾಗ (2001) ಸಂಸ್ಕೃತಿಯಿಂದ ಗಡಿ ಹಿಗ್ಗುವ ನಿಯಮ ತಂದಿತು. ನಾಲ್ಕನೆಯದರ (2005) ಆರಂಭಗೀತೆ ‘ಬಾಬಾ ಯೇತು’ 2011ರಲ್ಲಿ ಗ್ರ್ಯಾಮಿ ಗೆದ್ದಿತು. ವಿಡಿಯೋ ಗೇಮ್‌ಗಾಗಿ ರಚಿಸಿದ ಸಂಗೀತಕ್ಕೆ ಆ ಪ್ರಶಸ್ತಿ ಸಂದದ್ದು ಅದೇ ಮೊದಲು. ಐದನೆಯದು (2010) ಚೌಕಗಳ ಬದಲು ಷಟ್ಕೋನಗಳನ್ನು ತಂದು, ಒಂದು ಮನೆಯಲ್ಲಿ ಒಂದೇ ಪಡೆ ಎಂಬ ಕಟ್ಟು ಹಾಕಿತು. ಆರನೆಯದು 2016ರಲ್ಲಿ, ಏಳನೆಯದು 2025ರಲ್ಲಿ ಬಂದವು.

ಕಂಪ್ಯೂಟರಿನ ಗಣಿತಕ್ಕೂ ಮನುಷ್ಯರ ನಿರೀಕ್ಷೆಗೂ ಇರುವ ಅಂತರವನ್ನು ಮೈಯರ್ 2010ರ ಒಂದು ಉಪನ್ಯಾಸದಲ್ಲಿ ವಿವರಿಸಿದರು. ಮೂರಕ್ಕೆ ಒಂದರ ಬಲವಿದ್ದರೂ ನಾಲ್ಕರಲ್ಲಿ ಒಂದು ಸಲ ಸೋಲುವುದು ಲೆಕ್ಕದ ಪ್ರಕಾರ ಸರಿ. ಆಡಿ ನೋಡಿದವರಿಗೆ ಮಾತ್ರ ಅದು ಮೋಸವೆನಿಸಿತು. ತಾವು ದುರ್ಬಲರಾಗಿದ್ದು ಗೆದ್ದಾಗ ಯಾರೂ ತಕರಾರು ಎತ್ತಲಿಲ್ಲ. ಕೊನೆಗೆ ಲೆಕ್ಕವನ್ನೇ ಮನುಷ್ಯರ ಭಾವನೆಗೆ ತಕ್ಕಂತೆ ತಿದ್ದಬೇಕಾಯಿತು.

ನಾಲ್ಕು ಎಕ್ಸ್ ಮತ್ತು ಕವಲುಗಳು

ಬಾಹ್ಯಾಕಾಶದ ಸಾಮ್ರಾಜ್ಯ ಕಟ್ಟುವ ‘ಮಾಸ್ಟರ್ ಆಫ್ ಓರಿಯನ್’ ಆಟವನ್ನು 1993ರಲ್ಲಿ ಪರಿಚಯಿಸುತ್ತ, ಪತ್ರಕರ್ತ ಆ್ಯಲನ್ ಎಮ್ರಿಕ್ ಅದಕ್ಕೆ ನಾಲ್ಕು ಎಕ್ಸ್‌ಗಳ ದರ್ಜೆ ಕೊಟ್ಟರು. ಶೋಧ, ವಿಸ್ತರಣೆ, ಸಂಪನ್ಮೂಲ ಬಳಕೆ, ಎದುರಾಳಿಯ ನಾಶ ಎಂಬ ನಾಲ್ಕು ಕೆಲಸಗಳ ಇಂಗ್ಲಿಷ್ ಹೆಸರುಗಳಲ್ಲಿ ಕೇಳಿಸುವ ‘ಎಕ್ಸ್’ ಅದಕ್ಕೆ ಆಧಾರ. ‘ಫೋರ್ ಎಕ್ಸ್’ ಎಂಬುದು ಇಡೀ ಪ್ರಕಾರದ ಹೆಸರಾಗಿ ನಿಂತಿತು.

ಗಡಿಯಾರದೊಂದಿಗೆ ಓಡುವ ಕವಲು ಬೇರೆಯಾಗಿ ಬೆಳೆಯಿತು. ‘ಡ್ಯೂನ್ 2’ (1992) ತೋರಿದ ಜಾಡಿನಲ್ಲಿ ಎನ್ಸೆಂಬಲ್ ಸ್ಟುಡಿಯೋಸ್ 1997ರಲ್ಲಿ ‘ಏಜ್ ಆಫ್ ಎಂಪೈರ್ಸ್’ ತಂದಿತು; ಅದರ ತಯಾರಿಯಲ್ಲೂ ಶೆಲ್ಲಿ ಇದ್ದರು. 1999ರ ಎರಡನೇ ಭಾಗ ಇಂದಿಗೂ ಬಳಕೆಯಲ್ಲಿದೆ. ಅದರ ಸಾಮಾನ್ಯ ಪಂದ್ಯದ ಆರಂಭದಲ್ಲಿ ಮೂವರು ಹಳ್ಳಿಗರು, ಒಬ್ಬ ಬೇಹಿನ ಸವಾರ, ಒಂದು ಊರ ಮನೆ ಇರುತ್ತವೆ. ಹೊಸ ಹಳ್ಳಿಗನೊಬ್ಬನಿಗೆ 50 ಪಾಲು ಆಹಾರ ಬೇಕು. ಹಳ್ಳಿಗರ ತಯಾರಿ ಎಲ್ಲೂ ನಿಲ್ಲದಂತೆ ನೋಡಿಕೊಳ್ಳುವುದೇ ಮೊದಲ ಹತ್ತು ನಿಮಿಷದ ಪಾಠ. ಸ್ಕಾಟ್ಲೆಂಡಿನ ವಿಲಿಯಂ ವಾಲೆಸ್‌ನ ಕತೆಯನ್ನು ಏಳು ಹಂತಗಳಾಗಿ ಒಡೆದು, ನಡೆಯುವುದರಿಂದ ಕೋಟೆ ಮುತ್ತುವವರೆಗೆ ಒಂದೊಂದನ್ನೇ ಕಲಿಸುವ ವ್ಯವಸ್ಥೆ ಆ ಆಟದಲ್ಲೇ ಇದೆ.

ಮೂರನೇ ಕವಲು ಸ್ವೀಡನ್ನಿನ ಪ್ಯಾರಡಾಕ್ಸ್ ಕಂಪನಿಯದು. ಅದರ ‘ಯುರೋಪಾ ಯೂನಿವರ್ಸಾಲಿಸ್’ (2000) ಶೂನ್ಯದಿಂದ ಆರಂಭಿಸುವುದಿಲ್ಲ. ನಿಜವಾದ ಭೂಪಟದಲ್ಲಿ, ಚರಿತ್ರೆಯಲ್ಲಿದ್ದ ರಾಜ್ಯಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ‘ಕ್ರುಸೇಡರ್ ಕಿಂಗ್ಸ್’ ಸರಣಿಯಲ್ಲಿ ಆಡುವುದು ರಾಜ್ಯವನ್ನಲ್ಲ, ರಾಜವಂಶವನ್ನು. ದೊರೆ ಸತ್ತರೆ ಆಟ ವಾರಸುದಾರನ ಕೈಗೆ ಹೋಗುತ್ತದೆ. ಮದುವೆ, ದಾಯಾದಿ ಜಗಳ, ಆಸ್ತಿ ಪಾಲು ಇಲ್ಲಿ ಸೈನ್ಯದಷ್ಟೇ ಮುಖ್ಯ. ಪ್ಯಾರಡಾಕ್ಸ್ ಆಟಗಳು ಕಲಿಯಲು ಕಷ್ಟವೆಂದೇ ಹೆಸರಾಗಿದ್ದವು. 2020ರಲ್ಲಿ ಬಂದ ‘ಕ್ರುಸೇಡರ್ ಕಿಂಗ್ಸ್ 3’ ಇದಕ್ಕೊಂದು ಉಪಾಯ ಮಾಡಿತು. ಪರಿಚಯವಿಲ್ಲದ ಪದದ ಮೇಲೆ ಮೌಸ್ ನಿಲ್ಲಿಸಿದರೆ ವಿವರಣೆ ತೆರೆಯುತ್ತದೆ. ಆ ವಿವರಣೆಯೊಳಗಿನ ಪದದ ಮೇಲೆ ನಿಲ್ಲಿಸಿದರೆ ಇನ್ನೊಂದು. ಅದರ ಟ್ಯುಟೋರಿಯಲ್ 1066ರ ಐರ್ಲೆಂಡಿನ ಚಿಕ್ಕ ರಾಜ್ಯವೊಂದರಲ್ಲಿ ನಡೆಯುತ್ತದೆ. ದೊಡ್ಡ ಶತ್ರುಗಳಿಲ್ಲದ ದ್ವೀಪವಾದ್ದರಿಂದ ಐರ್ಲೆಂಡನ್ನು ಹಿಂದಿನ ಭಾಗದ ಕಾಲದಿಂದಲೂ ‘ಟ್ಯುಟೋರಿಯಲ್ ದ್ವೀಪ’ ಎಂದು ತಮಾಷೆಗೆ ಕರೆಯುವ ರೂಢಿಯಿದೆ.

ಭಾರತ ಮತ್ತು ಕರ್ನಾಟಕ

ಸಿವಿಲೈಸೇಷನ್ನಿನ ಮೊದಲ ಭಾಗದಿಂದಲೇ ಭಾರತವಿದೆ. ಅದರ ನಾಯಕ ಗಾಂಧಿ. ತಂತ್ರಾಂಶದ ದೋಷವೊಂದರಿಂದ ಆ ಗಾಂಧಿ ಅಣುಬಾಂಬ್ ಹಾಕುತ್ತಿದ್ದನೆಂಬ ಕತೆ ಬಹಳ ಹಬ್ಬಿತ್ತು. ಅಂತಹ ದೋಷವೇ ಇರಲಿಲ್ಲವೆಂದು ಮೈಯರ್ 2020ರ ಆತ್ಮಕಥನದಲ್ಲಿ ತಿಳಿಸಿದ್ದಾರೆ. ಆದರೆ ಐದನೇ ಭಾಗದಲ್ಲಿ ಈ ಗುಣವನ್ನು ತಮಾಷೆಗಾಗಿ ಬೇಕೆಂದೇ ಸೇರಿಸಲಾಗಿತ್ತು. ಏಳನೇ ಭಾಗದಲ್ಲಿ ಭಾರತ ಒಂದೇ ಘಟಕವಾಗಿಲ್ಲ. ಮೌರ್ಯ, ಚೋಳ, ಮೊಘಲ್ ಎಂದು ಯುಗಕ್ಕೊಂದಾಗಿ ಬರುತ್ತದೆ.

ಕನ್ನಡ ನಾಡಿನ ಚರಿತ್ರೆ ಎದ್ದು ಕಾಣುವುದು ‘ಯುರೋಪಾ ಯೂನಿವರ್ಸಾಲಿಸ್ 4’ರಲ್ಲಿ (2013). ಅದು 1444ರ ನವೆಂಬರ್ 11ರಂದು, ಯುರೋಪಿನ ವಾರ್ನಾ ಕದನದ ಮರುದಿನ, ಆರಂಭವಾಗುತ್ತದೆ. ಚರಿತ್ರೆಯಲ್ಲಿ ಅದು ವಿಜಯನಗರದ ಪ್ರೌಢದೇವರಾಯನ ಆಳ್ವಿಕೆಯ ಕೊನೆಯ ಭಾಗ. ವಿಜಯನಗರ, ಬಹಮನಿ ಎರಡನ್ನೂ ಆರಿಸಿಕೊಂಡು ಆಡಬಹುದು. ‘ಏಜ್ ಆಫ್ ಎಂಪೈರ್ಸ್ 2’ಕ್ಕೆ 2022ರಲ್ಲಿ ಬಂದ ಭಾರತದ ರಾಜವಂಶಗಳ ವಿಸ್ತರಣೆಯಲ್ಲಿ ದ್ರಾವಿಡರಿಗೆ ‘ವೂಟ್ಜ್ ಉಕ್ಕು’ ಎಂಬ ವಿಶೇಷ ವಿದ್ಯೆ ಸಿಗುತ್ತದೆ. ಅದನ್ನು ಪಡೆದ ಪಡೆಯ ಹೊಡೆತಕ್ಕೆ ಎದುರಾಳಿಯ ಕವಚ ಅಡ್ಡಿಯಾಗದು. ‘ವೂಟ್ಜ್’ ಎಂಬುದು ಕನ್ನಡದ ‘ಉಕ್ಕು’ ಪದವೇ ಇಂಗ್ಲಿಷಿನಲ್ಲಿ ಅಪಭ್ರಂಶವಾದದ್ದೆಂದು ನಿಘಂಟುಗಳು ವಿವರಿಸುತ್ತವೆ.

ಟೀಕೆ

ಖಾಲಿ ನಕ್ಷೆ, ಅದನ್ನು ತುಂಬುವ ಹಕ್ಕು, ನಾಗರಿಕತೆಗಳೆಲ್ಲ ಒಂದೇ ಏಣಿ ಹತ್ತುತ್ತವೆಂಬ ತಂತ್ರಜ್ಞಾನದ ವೃಕ್ಷ: ಇವು ವಸಾಹತುಶಾಹಿಯ ಕಣ್ಣಿನಿಂದ ನೋಡಿದ ಚರಿತ್ರೆ ಎಂಬುದು ಈ ಆಟಗಳ ಮೇಲಿನ ಮುಖ್ಯ ಆಕ್ಷೇಪ. 2018ರಲ್ಲಿ ಸಿವಿಲೈಸೇಷನ್ 6ಕ್ಕೆ ಕೆನಡಾದ ಕ್ರೀ ಜನಾಂಗದ ನಾಯಕ ಪೌಂಡ್‌ಮೇಕರ್‌ನನ್ನು ಸೇರಿಸಿದಾಗ, ನೆಲ ಗೆಲ್ಲುವ ಮೌಲ್ಯ ತಮ್ಮ ಜನರದಲ್ಲವೆಂದು ಅದೇ ಸಮುದಾಯದ ಮುಖಂಡ ಮಿಲ್ಟನ್ ಟೂಟೂಸಿಸ್ ವಿರೋಧಿಸಿದರು. ಏಳನೇ ಭಾಗದಲ್ಲಿ ಶಾನೀ ಜನರ ನಾಯಕ ಟೆಕುಮ್ಸೆಯನ್ನು ಚಿತ್ರಿಸುವಾಗ ತಯಾರಕರು ಆ ಸಮುದಾಯದೊಡನೆ ಸೇರಿ ಕೆಲಸ ಮಾಡಿದರು.

ಮೊದಲ ಆಟದ ಆಯ್ಕೆ

ಹೊಸಬರಿಗೆ ಯಾವ ಆಟ ಹೊಂದುತ್ತದೆಂಬುದನ್ನು ಮುಖ್ಯವಾಗಿ ಮೂರು ಸಂಗತಿಗಳು ನಿರ್ಧರಿಸುತ್ತವೆ. ಮೊದಲನೆಯದು ಕಾಲ. ಸರದಿಯ ಆಟದಲ್ಲಿ ಎಷ್ಟು ಹೊತ್ತು ಬೇಕಾದರೂ ಯೋಚಿಸಬಹುದು. ಗಡಿಯಾರದ ಆಟದಲ್ಲಿ ಯೋಚನೆಯ ಜೊತೆಗೆ ಕೈಚಳಕವೂ ಬೇಕು. ಪ್ಯಾರಡಾಕ್ಸ್ ಆಟಗಳಲ್ಲಿ ಕಾಲ ಓಡುತ್ತಿದ್ದರೂ, ಒಬ್ಬರೇ ಆಡುವಾಗ ಬೇಕೆಂದಲ್ಲಿ ನಿಲ್ಲಿಸಬಹುದು. ಎರಡನೆಯದು ಗಾತ್ರ. ಸ್ವೀಡನ್ನಿನ ‘ದ ಬ್ಯಾಟಲ್ ಆಫ್ ಪಾಲಿಟೋಪಿಯಾ’ (2016) ಮೊಬೈಲಿನಲ್ಲಿ ಆಡುವ ಚಿಕ್ಕ ಆಟ. ಅದರ ಒಂದು ವಿಧಾನ 30 ಸರದಿಗೆ ಮುಗಿಯುತ್ತದೆ. ಶೋಧ, ವಿಸ್ತರಣೆ, ವಿದ್ಯೆ, ಯುದ್ಧದ ಪೂರ್ತಿ ಚಕ್ರ ಅಷ್ಟರಲ್ಲೇ ಕಣ್ಣಿಗೆ ಬೀಳುತ್ತದೆ. ಸಿವಿಲೈಸೇಷನ್ನಿನ ಪೂರ್ಣ ಆಟಕ್ಕೆ ನೂರಾರು ಸರದಿ ಬೇಕು. ಮೂರನೆಯದು ಖರ್ಚು. ಡೆನ್ಮಾರ್ಕಿನ ವಿದ್ಯಾರ್ಥಿಗಳು 1995ರಲ್ಲಿ ಆರಂಭಿಸಿದ ‘ಫ್ರೀಸಿವ್’, ಸಿವಿಲೈಸೇಷನ್ 5ರ ಮಾದರಿಯಲ್ಲಿ ಆ್ಯಂಡ್ರಾಯ್ಡ್‌ಗೂ ದೊರೆಯುವ ‘ಅನ್‌ಸಿವ್’ ಎರಡೂ ಮುಕ್ತ ತಂತ್ರಾಂಶಗಳು. ಸಾಧಾರಣ ಯಂತ್ರದಲ್ಲೂ ಓಡುತ್ತವೆ.

ಕಷ್ಟದ ಮಟ್ಟವನ್ನು ಹೊಸಬರು ತಪ್ಪಾಗಿ ಅರ್ಥಮಾಡಿಕೊಳ್ಳುವುದುಂಟು. ಮಟ್ಟ ಏರಿದಂತೆ ಕಂಪ್ಯೂಟರಿನ ಬುದ್ಧಿಗಿಂತ ಅದಕ್ಕೆ ಸಿಗುವ ರಿಯಾಯಿತಿಯೇ ಹೆಚ್ಚುತ್ತದೆ. ಸಿವಿಲೈಸೇಷನ್ 6ರ ಎಂಟು ಮಟ್ಟಗಳಲ್ಲಿ ನಾಲ್ಕನೆಯದಾದ ‘ಪ್ರಿನ್ಸ್’ನಲ್ಲಿ ಎರಡು ಕಡೆಯೂ ಸಮ, ಕೊನೆಯ ‘ಡೀಟಿ’ಯಲ್ಲಿ ಆಡುವವರಿಗೆ ಒಂದು ವಲಸೆಗಾರರ ತಂಡವಾದರೆ ಕಂಪ್ಯೂಟರಿಗೆ ಮೂರು. ಹಾಗಾಗಿ ಮೊದಲ ಆಟವನ್ನು ‘ಪ್ರಿನ್ಸ್’ಗಿಂತ ಕೆಳಗಿನ ಮಟ್ಟದಲ್ಲಿ, ಚಿಕ್ಕ ನಕ್ಷೆಯಲ್ಲಿ, ಕಡಿಮೆ ಎದುರಾಳಿಗಳೊಂದಿಗೆ ಆಡುವುದು ವಾಡಿಕೆ.

ಮೊದಲ ಸಲದ ತಪ್ಪುಗಳೂ ಹೆಚ್ಚುಕಡಿಮೆ ಒಂದೇ ಬಗೆಯವು. ಒಂದೇ ಊರಿನಲ್ಲಿ ನಿಂತು ಅದ್ಭುತ ಕಟ್ಟಡಕ್ಕೆ ಕೈಹಾಕುವುದರಿಂದ, ಅಕ್ಕಪಕ್ಕದ ಒಳ್ಳೆಯ ನೆಲ ಬೇರೆಯವರ ಪಾಲಾಗುತ್ತದೆ. ಕಾವಲಿಲ್ಲದ ಊರು ದಾಳಿಕೋರರಿಗೆ ಸಿಗುತ್ತದೆ. ದುಡ್ಡನ್ನು ಕೂಡಿಡುತ್ತಲೇ ಹೋದರೆ ಅದು ಬೆಳವಣಿಗೆಗೆ ಒದಗುವುದೇ ಇಲ್ಲ. ಮೂರರ ಮೂಲವೂ ಹಮುರಾಬಿಯ ಕಣಜದ ಲೆಕ್ಕವೇ: ಊಟಕ್ಕೆಷ್ಟು, ಬಿತ್ತನೆಗೆಷ್ಟು, ಕೂಡಿಡುವುದಕ್ಕೆಷ್ಟು.